ಸಾಹೇಬರ ಸಂತೆ

ನಿವೃತ್ತ ಬ್ಯಾಂಕ್ ಮ್ಯಾನೇಜರು ಸಾಮಾನ್ಯವಾಗಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿ ಲಿಫ್ಟಿನೊಳಗೆ ಸುತ್ತೋಲೆ ಅಂಟಿಸುತ್ತಾರೆ. ಸ್ವಂತ ಮನೆ ಕಟ್ಟಿಸಿಕೊಂಡವರಿಗೆ ಆ ಭಾಗ್ಯವಿಲ್ಲ. ಅವರು ಆಯಿಲ್ ಪೇಂಟಿಂಗ್ ಹಿಡಿಯುತ್ತಾರೆ. ನಮ್ಮ ಬೀದಿಯ ಸಾಹೇಬರದು ಈ ಎರಡನೇ ಪಂಗಡ. ಮೊದಲು ಹೂಜಿ, ಸೇಬು ಬರೆದು ಕೈ ಪಳಗಿಸಿಕೊಳ್ಳಿ ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದರೆ, "ಅವೆಲ್ಲ ಉಳಿತಾಯ ಖಾತೆ ಮೇಷ್ಟ್ರೇ" ಎಂದು ತಳ್ಳಿಹಾಕಿ, ನಾಲ್ಕಡಿ ಅಗಲದ ಕ್ಯಾನ್ವಾಸ್ ತರಿಸಿ ಮೈಸೂರಿನ ದೇವರಾಜ ಮಾರುಕಟ್ಟೆಯ ಜನಜಂಗುಳಿಗೇ ಕೈಹಾಕಿದರು.

ಖಾದಿ ಜುಬ್ಬಾ, ಬೀಳ್ಕೊಡುಗೆಯ ಮಾರನೇ ದಿನದಿಂದ ಬಿಟ್ಟ ಗಡ್ಡ, ಮಡಚುವ ಸ್ಟೂಲು. ಶಂಕುವಿನಂತೆ ಪೇರಿಸಿದ ಕುಂಕುಮ, ಬಣ್ಣದ ಪುಡಿಗಳ ಎದುರು ಠಿಕಾಣಿ. ಬಾಳೆಹಣ್ಣಿನವನಿಗೆ, "ಮುಂದಿನ ಆ ಗೊನೆ ಮಾರಬೇಡಪ್ಪ, ಚಿತ್ರ ಕೆಡುತ್ತೆ" ಎಂದರು. "ಹಂಗಾದ್ರೆ ನೀವೇ ತಗೊಂಬುಡಿ ಸಾರ್" ಎಂದ ಅವನು. ಕಲೆಗಾಗಿ ತ್ಯಾಗ ಎಂದರೆ ಇದೇ. ಮನೆಯಲ್ಲಿ ಒಂದು ವಾರ ರಸಾಯನ.

ಗುಂಪನ್ನು ಬರೆಯುವಾಗ ಜನರನ್ನು ಬರೆಯಬಾರದು, ಗುಂಪನ್ನೇ ಬರೆಯಬೇಕು ಎಂಬುದು ಮೇಷ್ಟ್ರ ಪಾಠ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ಟರ್ಪೆಂಟೈನಿನಲ್ಲಿ ತೆಳುವಾಗಿಸಿ, ನೆರಳಿನದೊಂದು ದೊಡ್ಡ ಮುದ್ದೆ ಎಳೆಯಿರಿ. ಅದರ ಮೇಲೆ ಬಿಸಿಲು ಬಿದ್ದ ತಲೆ, ಹೆಗಲು, ಬುಟ್ಟಿ ಅಲ್ಲಲ್ಲಿ ಚುಕ್ಕೆಯಾಗಿ ಬರಲಿ. ಎರಡೋ ಮೂರೋ ಮುಖ ಬಿಡಿಸಿದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಸಾಹೇಬರಿಗೆ ಇದು ನಿಯಮಬಾಹಿರವಾಗಿ ಕಂಡಿತು. "ಮುಖವಿಲ್ಲದವರನ್ನ ಒಳಗೆ ಬಿಡೋದು ಹೇಗೆ? ಕೆವೈಸಿ ಬೇಡವೇ?" ಎಂದು ಕಮಾನಿನಡಿಯ ಕಟ್ಟಕಡೆಯ ತರಕಾರಿಯವನಿಗೂ ಎರಡು ಕಿವಿ, ಕನ್ನಡಕ ಇಟ್ಟರು. ನಿಂತು ನೋಡುವವನಿಗೆ ನಿಂತವರ ತಲೆಗಳು ದೂರದಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಣುತ್ತವೆ, ಪಾದಗಳಷ್ಟೇ ಮೇಲೇರುತ್ತವೆ. ಇದನ್ನೂ ಅವರು ಒಪ್ಪಲಿಲ್ಲ. ಹಿಂದಿನವರು ಮುಂದಿನವರ ನೆತ್ತಿಯ ಮೇಲೆ, ಅವರ ಹಿಂದಿನವರು ಇನ್ನೂ ಮೇಲೆ, ಹೀಗೆ ಸಾಲಾಗಿ ಏರಿ ಕೊನೆಯ ಗಿರಾಕಿಗಳು ಹಿನ್ನೆಲೆಯ ಗಡಿಯಾರ ಗೋಪುರದ ಮುಳ್ಳು ಹಿಡಿದು ನಿಂತಿದ್ದಾರೆ. ಟೋಕನ್ ಒಂದು ಕೊಟ್ಟಿಲ್ಲ.

ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗಬೇಕು, ದಿನಗಟ್ಟಲೆ. ಸಾಹೇಬರಿಗೆ ಬೆಳಗಾಗುತ್ತಲೇ ಮುಟ್ಟಿ ನೋಡುವ ಚಪಲ. ಗುಂಪಿನ ಅರ್ಧ ಜನರ ಮೇಲೆ ಹೆಬ್ಬೆಟ್ಟಿನ ಗುರುತೂ ಬಿದ್ದು ದಾಖಲೆ ಪೂರ್ಣವಾಯಿತು. ಮನೆಯಾಕೆ ಇಂಗಿನ ಒಗ್ಗರಣೆ ಹಾಕಿದರೂ ಸಾರು ಟರ್ಪೆಂಟೈನ್ ಘಮಘಮಿಸುತ್ತಿತ್ತು.

ಟೀಕಿಸಿದವರ ಬಾಯಿ ಮುಚ್ಚಿಸಲು ಚಿತ್ರಕಾರ ಬ್ರೂಗೆಲ್ ಸಿದ್ಧನಿದ್ದ. "1559ರಲ್ಲೇ ಒಂದು ಹಲಗೆ ಮೇಲೆ ಊರ ಚೌಕವಿಡೀ ಜನರನ್ನ ತುಂಬಿಸಿದ್ದಾನೆ, ವಿಯೆನ್ನಾ ಮ್ಯೂಸಿಯಮ್ಮಿನಲ್ಲಿದೆ, ಗೊತ್ತೇ?" ಮೇಷ್ಟ್ರು ಮೆಲ್ಲಗೆ, "ಅವನ ಜನ ಅವರವರ ಪಾಡಿಗಿದ್ದಾರೆ ಸಾರ್. ನಿಮ್ಮವರೆಲ್ಲ ನಿಮಗೆ ನಮಸ್ಕಾರ ಹೇಳೋಕೆ ಕಾದಿದ್ದಾರೆ" ಎಂದರು. ಸಾಹೇಬರು ಅದನ್ನು ಪ್ರಶಂಸೆ ಎಂದೇ ಬಗೆದರು.

ಮಾರುಕಟ್ಟೆಯ ಹೂವಿನಾಕೆಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಮಾತ್ರ ಸ್ವಲ್ಪ ಅಲುಗಾಡಿದರು. ಆಕೆ ತನ್ನನ್ನು ಹುಡುಕಿ, ಮೂಗುಬೊಟ್ಟು ಎಣಿಸಿ, ಕೊನೆಗೆ ಕೇಳಿದಳು: "ಇಷ್ಟ್ ಜನ ಅವ್ರೆ, ಒಬ್ರೂ ಯಾಪಾರ ಮಾಡ್ತಿಲ್ವಲ್ಲ ಸಾಮಿ?"

ಅಂದು ರಾತ್ರಿಯೇ ತಿದ್ದುಪಡಿ. ಮಲ್ಲಿಗೆ ಕೊಳ್ಳುವ ಹೆಂಗಸಿನ ಕೈಗೆ ನೋಟು ಬಂತು. ಬರೀ ಬಣ್ಣದ ಗೀರಲ್ಲ. ಸೊನ್ನೆ ನಂಬರಿನ ಕುಂಚ, ಭೂತಗನ್ನಡಿ ಹಿಡಿದು ಬರೆದ, ಗಾಂಧೀಜಿ, ಕೆಂಪುಕೋಟೆ, ಸೀರಿಯಲ್ ನಂಬರು ಸಮೇತವಾದ ಅಸಲಿ ಐನೂರು. ಮರುವಾರ ಹೂವಿನಾಕೆ ಅದನ್ನೂ ನೋಡಿದಳು.

"ಎರಡು ಮಾರು ಹೂವಿಗೆ ಐನೂರು ಕೊಟ್ರೆ ಚಿಲ್ರೆ ಎಲ್ಲಿಂದ ತರ್ಲಿ?"