ಮೀಡಿಯಂ ಇತ್ತ್, ಅಡ್ಡಿಲ್ಯಾ?

ಭಾನುವಾರ ಬೆಳಿಗ್ಗೆ ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಚಾ ಕುಡಿಯುತ್ತಾ ನಿಂತವರಿಗೆ ಟಿಕೆಟಿಲ್ಲದ ಆಟವೊಂದು ನೋಡಸಿಗುತ್ತದೆ. ಕುಂದಾಪುರದ ಕಡೆಯಿಂದ ರೋಡ್ ಬೈಕುಗಳು ಬರುತ್ತವೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಇರುವ ಮರವಂತೆಯವರೆಗೆ ಹೋಗಿ, ಫೋಟೋ ತೆಗೆಸಿಕೊಂಡು ವಾಪಸಾಗುವುದು ಕಾರ್ಯಕ್ರಮ. ಮುಂದಿನವರ ಮೊಣಕಾಲು ಸುತ್ತಿಗೊಮ್ಮೆ ಹೊಟ್ಟೆಗೆ ಗುದ್ದುತ್ತಿದೆ. ಎರಡನೆಯವರು ಹ್ಯಾಂಡಲ್ ಹಿಡಿದಿದ್ದಾರೋ ಅದಕ್ಕೆ ಜೋತು ಬಿದ್ದಿದ್ದಾರೋ ತಿಳಿಯುವುದಿಲ್ಲ. ಮೂರನೆಯವರ ಸೊಂಟ ಪೆಡಲಿನ ಜತೆ ಎಡಕ್ಕೂ ಬಲಕ್ಕೂ ಓಲಾಡುತ್ತಿದೆ. ಮೂವರ ಎತ್ತರ ಬೇರೆ, ಕಾಲಿನ ಉದ್ದ ಬೇರೆ, ಹೊಟ್ಟೆಯ ಸುತ್ತಳತೆಯಂತೂ ಬೇರೆಯೇ. ಸೈಕಲ್ ಮಾತ್ರ ಮೂರೂ ಒಂದೇ ಸೈಜು. ಮೀಡಿಯಂ.

ಅಂಗಡಿಯಲ್ಲಿ ಇದ್ದದ್ದು ಮೀಡಿಯಂ, ಅದಕ್ಕೆ.

ಇವರು ಅಧ್ಯಯನ ಮಾಡದೆ ಕೊಂಡವರು ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ ರಾತ್ರಿ ಮೊಬೈಲು ಉಜ್ಜಿದ್ದಾರೆ. ಗೇರು ಎಷ್ಟು, ಫ್ರೇಮು ಅಲ್ಯುಮಿನಿಯಮ್ಮೋ ಕಾರ್ಬನ್ನೋ, ಬ್ರೇಕು ಡಿಸ್ಕೋ ರಿಮ್ಮೋ ಎಲ್ಲ ಬಾಯಿಪಾಠ. ಫ್ರಾನ್ಸಿನ ರೇಸಿನಲ್ಲಿ ಓಡುವ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದೆಂಬ ಅಂತರರಾಷ್ಟ್ರೀಯ ನಿಯಮವೂ ಗೊತ್ತು. ಇನ್ನೂರು ಗ್ರಾಂ ಉಳಿಸಲು ಹತ್ತು ಸಾವಿರ ಹೆಚ್ಚು ಕೊಟ್ಟು, ಮರುದಿನ ಬೆಳಿಗ್ಗೆ ಗೋಳಿಬಜೆ ತಿಂದು ಆ ಇನ್ನೂರು ಗ್ರಾಂ ಭರ್ತಿ ಮಾಡಿಕೊಂಡದ್ದೂ ಆಯಿತು. ತನ್ನ ಕಾಲು ಎಷ್ಟು ಉದ್ದ ಎಂಬ ಒಂದು ಸಂಗತಿಯನ್ನು ಮಾತ್ರ ಯಾರೂ ಹುಡುಕಲಿಲ್ಲ. ಅದು ಮೊಬೈಲಿನಲ್ಲಿ ಸಿಗುವುದಿಲ್ಲವಲ್ಲ.

ಅಂಗಡಿಯಲ್ಲಿ ನಡೆಯುವ ಸಂವಾದ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

"ಎಷ್ಟ್ ಎತ್ರ ಇದ್ರಿ?"

"ಐದು ಆರು."

"ಹಾಂಗಾರೆ ಮೀಡಿಯಂ."

"ನಮ್ಮ್ ತಮ್ಮನಿಗೂ ಒಂದ್ ಬೇಕಿತ್ತ್. ಅವ ಐದು ಹತ್ತು."

"ಮೀಡಿಯಮ್ಮೇ ಸಾಕ್. ಸೀಟ್ ಏರ್ಸುವ."

"ಹೆಂಡ್ತಿ ಐದು ಎರಡು."

"ಸೀಟ್ ತಗ್ಸುವ. ಎಲ್ಲ ಅಡ್ಜಸ್ಟ್ ಆತ್ತ್ ಮಾರಾಯ್ರೆ."

ಯಕ್ಷಗಾನದ ಚೌಕಿಯಲ್ಲಾದರೆ ಈ ಮಾತು ಒಪ್ಪುತ್ತದೆ. ಒಂದೇ ಪೆಟ್ಟಿಗೆಯ ವೇಷವನ್ನು ಸಣಕಲು ಕಲಾವಿದನಿಗೂ ಕಟ್ಟಬಹುದು, ದಢೂತಿ ಕಲಾವಿದನಿಗೂ ಕಟ್ಟಬಹುದು. ಹಗ್ಗ ಎಳೆದು ಬಿಗಿದರೆ ಇಬ್ಬರೂ ಬೆಳಗಿನವರೆಗೆ ಕುಣಿಯುತ್ತಾರೆ. ಸೈಕಲ್ಲಿನ ಫ್ರೇಮಿಗೆ ಹಗ್ಗ ಇಲ್ಲ. ಸೀಟು ಮೇಲೆ ಕೆಳಗೆ ಹೋಗುತ್ತದೆ, ಹಿಂದೆ ಮುಂದೆ ಒಂದಿಷ್ಟು ಸರಿಯುತ್ತದೆ, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ಬದಲಿಸಿ ಎರಡು ಮೂರು ಸೆಂಟಿಮೀಟರ್ ಗಿಟ್ಟಿಸಬಹುದು. ಅಲ್ಲಿಗೆ ಮುಗಿಯಿತು. ಅದರಾಚೆ ಅಡ್ಜಸ್ಟ್ ಆಗುವ ಬಿಡಿಭಾಗ ಒಂದೇ, ಸವಾರನ ಬೆನ್ನು.

ಎತ್ತರ ಕೇಳಿ ಸೈಜು ಹೇಳುವ ಶಾಸ್ತ್ರವೇ ಅರ್ಧ ಸುಳ್ಳು. ಐದಡಿ ಆರಿಂಚಿನ ಇಬ್ಬರು ಅಣ್ಣತಮ್ಮಂದಿರನ್ನು ನಿಲ್ಲಿಸಿ. ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಮೈ ಉದ್ದ. ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಸೀಟಿನಷ್ಟೇ ಬಿಗಿಯಾಗಿ ಒತ್ತಿ ಹಿಡಿದು, ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲಿನ ಗೀಟು ಹಾಕಿ ನೆಲದಿಂದ ಅಳೆಯುವುದು ಕಾಲಳತೆಯ ಕ್ರಮ. ಇನ್ನೊಬ್ಬರ ಸಹಾಯ ಬೇಕು. "ಇದೆಂತ ನಿಮ್ಮ್ ಅವಸ್ಥಿ?" ಎಂದು ಮನೆಯವರು ನಗುತ್ತಾರೆ, ನಗಲಿ. ಅಣ್ಣನಿಗೆ 78 ಸೆಂಟಿಮೀಟರ್ ಬಂತು, ತಮ್ಮನಿಗೆ 74 ಎಂದುಕೊಳ್ಳಿ. ಅಮೆರಿಕದ ಗ್ರೆಗ್ ಲೆಮಾಂಡ್ ಎಂಬ ಸವಾರ 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವನು. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕದಂತೆ ಈ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಎಷ್ಟು ಎತ್ತರ ಬೇಕೆಂದು ಸಿಗುತ್ತದೆ. ಅಣ್ಣನಿಗೆ ಸುಮಾರು 69, ತಮ್ಮನಿಗೆ 65. ಅದೇ ಅಳತೆಯನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಸೈಜು: ಅಣ್ಣನಿಗೆ 52, ತಮ್ಮನಿಗೆ 50ರ ಆಸುಪಾಸು. ಅಂಗಡಿಯ ಗೋಡೆಯ ಚಾರ್ಟಿನಲ್ಲಿ ಇಬ್ಬರೂ ಒಂದೇ ಖಾನೆಯಲ್ಲಿ ಕೂತಿದ್ದಾರೆ.

ಈ ಲೆಕ್ಕವೂ ವೇದವಾಕ್ಯವಲ್ಲ. ಮೇಲಿನ ಕೊಳವೆ ನೆಲಕ್ಕೆ ಸಮಾನಾಂತರವಾಗಿದ್ದ ಹಳೆಯ ಉಕ್ಕಿನ ಫ್ರೇಮಿನ ಕಾಲಕ್ಕೆ ಹುಟ್ಟಿದ್ದು ಅದು. ಬ್ರಿಟನ್ನಿನ ಮೈಕ್ ಬರ್ರೋಸ್ ಎಂಬ ವಿನ್ಯಾಸಕಾರ, 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ಹಿಂದಿದ್ದವನು, ಆಮೇಲೆ ತೈವಾನಿನ ಜೈಂಟ್ ಕಂಪನಿಗೆ ಟಿಸಿಆರ್ ಎಂಬ ಮಾದರಿ ಮಾಡಿಕೊಟ್ಟ. ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರು, ಫ್ರೇಮು ಚಿಕ್ಕದು, ಹಗುರ, ಗಟ್ಟಿ. ಒಂದೊಂದು ಸೆಂಟಿಮೀಟರಿಗೂ ಒಂದೊಂದು ಸೈಜು ಮಾಡುತ್ತಿದ್ದ ಕಡೆ ಸ್ಮಾಲ್, ಮೀಡಿಯಂ, ಲಾರ್ಜ್ ಸಾಕಾಯಿತು; ಉಳಿದದ್ದನ್ನು ಉದ್ದದ ಸೀಟ್‌ಪೋಸ್ಟೂ ಬೇರೆಬೇರೆ ಉದ್ದದ ಸ್ಟೆಮ್ಮೂ ನೋಡಿಕೊಳ್ಳಬೇಕು. ಜಾಣ ಕೆಲಸ, ಒಪ್ಪಬೇಕು. ಕಾರ್ಖಾನೆಗೆ ಅಚ್ಚು ಕಡಿಮೆ, ಅಂಗಡಿಗೆ ದಾಸ್ತಾನು ಕಡಿಮೆ. ಬರ್ರೋಸ್ ಮೂರು ಸೈಜು ಸಾಕು ಎಂದ. ಅವನು ಮೂರು ಎಂದದ್ದನ್ನು ನಮ್ಮ ವ್ಯಾಪಾರಿಗಳು ಒಂದಕ್ಕೆ ಇಳಿಸಿ ವಿಜ್ಞಾನವನ್ನು ಇನ್ನಷ್ಟು ಮುಂದಕ್ಕೆ ಒಯ್ದಿದ್ದಾರೆ.

ಈಗ ನೋಡಬೇಕಾದ ಅಂಕಿ ಎರಡು. ಪೆಡಲ್ ಸುತ್ತುವ ಅಚ್ಚಿನಿಂದ ಹ್ಯಾಂಡಲಿನ ಕೊಳವೆಯ ತುದಿ ಎಷ್ಟು ಮೇಲೆ ಇದೆ ಎಂಬುದು ಸ್ಟ್ಯಾಕ್. ಎಷ್ಟು ಮುಂದೆ ಇದೆ ಎಂಬುದು ರೀಚ್. ಹೆಚ್ಚಿನ ಕಂಪನಿಗಳು ಇವೆರಡನ್ನು ಅಚ್ಚುಹಾಕಿ ಪ್ರಕಟಿಸುತ್ತವೆ, ಗಿರಾಕಿ ಓದುವುದಿಲ್ಲ ಎಂಬ ಧೈರ್ಯದಿಂದ. ಒಂದು ಕಂಪನಿಯ 54 ಇನ್ನೊಂದು ಕಂಪನಿಯ 54 ಅಲ್ಲ. ಒಂದೇ ಸೈಜಿನಲ್ಲೂ ರೇಸಿಗೆ ಮಾಡಿದ ಫ್ರೇಮಿಗಿಂತ ದೂರದ ಸವಾರಿಗೆ ಮಾಡಿದ ಫ್ರೇಮು ಎರಡು ಮೂರು ಸೆಂಟಿಮೀಟರ್ ಎತ್ತರ ಇರುತ್ತದೆ. ಇದು ಬೆರಳೆರಡರ ಅಗಲದ ಮಾತು ಎಂದು ಮೂಗು ಮುರಿಯಬೇಡಿ. ನಿಮಿಷಕ್ಕೆ 85 ಸುತ್ತು ಪೆಡಲ್ ತುಳಿದರೂ ಗಂಟೆಗೆ ಐದು ಸಾವಿರ ದಾಟುತ್ತದೆ. ಒಂದು ಸೆಂಟಿಮೀಟರಿನ ತಪ್ಪನ್ನು ಮೊಣಕಾಲು ಅಷ್ಟೂ ಸಲ ಲೆಕ್ಕ ಇಟ್ಟುಕೊಳ್ಳುತ್ತದೆ. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ ನೋವು. ಎತ್ತರವಾದರೆ ಹಿಂಭಾಗ ನೋವು, ಜತೆಗೆ ಆ ಮೂರನೆಯವರ ಸೊಂಟದ ನಾಟ್ಯ. ಹ್ಯಾಂಡಲ್ ದೂರವಾದರೆ ಕುತ್ತಿಗೆ, ಹೆಗಲು, ಆಮೇಲೆ ಕಿರುಬೆರಳಿನ ಜೋಮು. ಪೆಡಲ್ ಕೆಳಗೆ ಬಂದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು ಎಂಬುದು ಬಲ್ಲವರ ಮಾತು. ನಮ್ಮಲ್ಲಿ ಚಾಲ್ತಿಯಲ್ಲಿರುವ ಪರೀಕ್ಷೆ ಬೇರೆ: "ಕೂಕಂಡ್ರೆ ಎರಡೂ ಕಾಲ್ ನೆಲಕ್ಕೆ ಮುಟ್ಟತ್ತಾ ಕಾಣಿ." ಮುಟ್ಟಿದರೆ ಪಾಸು. ಸೈಕಲ್ ನಿಲ್ಲಿಸಿಕೊಂಡು ಕೂರುವುದಕ್ಕಾದರೆ ಅದು ಸರಿಯೇ.

ಬೇರೆಯವರನ್ನು ದೂರುವ ಮೊದಲು ನಮ್ಮ ಪರಂಪರೆಯನ್ನೂ ನೆನೆಯಬೇಕು. ಸೈಜು ನೋಡಿ ಸೈಕಲ್ ಕೊಂಡ ಇತಿಹಾಸ ನಮ್ಮದಲ್ಲ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಯಾವುದೇ ಇರಲಿ, ಮನೆಗೆ ಬಂದದ್ದು ಯಜಮಾನರ ಕಾಲಿಗೆ ಹೊಂದುವ ದೊಡ್ಡ ಸೈಕಲ್. ಮಕ್ಕಳು ಅದರ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತರು. ಮೈ ಒಂದು ಕಡೆ, ಸೈಕಲ್ ಇನ್ನೊಂದು ಕಡೆ ವಾಲಿ ತಲ್ಲೂರು–ನೇರಳಕಟ್ಟೆ ರಸ್ತೆಯ ಉದ್ದಕ್ಕೂ ಹೋದ ಆ ಪೀಳಿಗೆಯೇ ಇಂದು ಕಾರ್ಬನ್ ಫ್ರೇಮು ಕೊಳ್ಳುತ್ತಿರುವುದು. ವಸ್ತು ದೊಡ್ಡದಾದರೆ ನಾವು ಬಾಗಬೇಕು ಎಂಬುದು ರಕ್ತದಲ್ಲೇ ಬಂದಿದೆ.

ರಾಜ್ಯ ಸರ್ಕಾರವೂ ಇದಕ್ಕೆ ಮುದ್ರೆ ಒತ್ತಿತು. 2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಕೊರೋನಾ ಬಂದ ಮೇಲೆ ನಿಂತಿತು. ಹಿಂದಿನ ಬೆಂಚಿನವನು ಐದಡಿ ಏಳಿಂಚು, ಮುಂದಿನ ಬೆಂಚಿನವನು ನಾಲ್ಕಡಿ ಆರಿಂಚು. ಟೆಂಡರಿನ ಕಣ್ಣಿಗೆ ಇಬ್ಬರೂ ಎಂಟನೇ ಕ್ಲಾಸು. ಆದರೂ ಆ ಯೋಜನೆಯನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಬಸ್ಸಿಲ್ಲದ ಊರುಗಳ ಹೆಣ್ಣುಮಕ್ಕಳು ಅದನ್ನು ತುಳಿದೇ ಹೈಸ್ಕೂಲು ಮುಗಿಸಿದರು. ಮತ್ತೆ, ಹದಿಮೂರರ ಹುಡುಗ ದೊಡ್ಡ ಸೈಕಲ್ಲಿಗೆ ಎರಡು ವರ್ಷದಲ್ಲಿ ಬೆಳೆದು ಹೊಂದಿಕೊಳ್ಳುತ್ತಾನೆ. ನಲವತ್ತೈದರ ಸವಾರ ಬೆಳೆಯುವುದು ಅಡ್ಡಕ್ಕೆ ಮಾತ್ರ.

ಹೆಂಗಸರ ಪಾಡನ್ನು ಕೇಳುವವರೇ ಇಲ್ಲ. ಐದಡಿ ಎತ್ತರದ ಹೆಂಗಸು ನಮ್ಮ ದೇಶದಲ್ಲಿ ಗಿಡ್ಡವಳಲ್ಲ, ಸಾಧಾರಣ ಎತ್ತರದವಳು. ಅವಳಿಗೆ ಹೊಂದುವ ರೋಡ್ ಬೈಕನ್ನು ಕಂಪನಿಗಳು ಮಾಡುತ್ತವೆ, ಶೋರೂಮಿನವರು ತರಿಸುವುದಿಲ್ಲ. "ಯಾರೂ ಕೇಳುವುದಿಲ್ಲ ಮೇಡಂ" ಎಂದು ಕೇಳಲು ಬಂದವಳಿಗೇ ಹೇಳುತ್ತಾರೆ. ತರಿಸಿದರೂ ದೊಡ್ಡ ಚಕ್ರವನ್ನೇ ಚಿಕ್ಕ ಫ್ರೇಮಿಗೆ ತುರುಕಿರುವುದರಿಂದ, ನಿಧಾನಕ್ಕೆ ತಿರುಗಿಸುವಾಗ ಷೂವಿನ ತುದಿ ಮುಂದಿನ ಚಕ್ರಕ್ಕೆ ತಾಗುವುದುಂಟು. ಪೆಡಲಿನ ತೋಳು, ಅಂದರೆ ಕ್ರ್ಯಾಂಕು, 165 ಮಿಲಿಮೀಟರಿನದ್ದು ಬೇಕಾದಲ್ಲಿ 170ರದ್ದು ಕೂತಿರುತ್ತದೆ. ಇಷ್ಟೆಲ್ಲ ಆದ ಮೇಲೆ ಅವಳು ಸೈಕಲ್ ಬಿಟ್ಟರೆ, "ಲೇಡೀಸಿಗೆ ಇಂಟರೆಸ್ಟ್ ಕಡಿಮೆ" ಎಂಬ ಸಂಶೋಧನೆ ಹೊರಬೀಳುತ್ತದೆ.

ಗಂಡಸರ ಕಾಯಿಲೆ ಬೇರೆ ರೀತಿಯದು. ಅವರಿಗೆ ಹ್ಯಾಂಡಲ್ ತಗ್ಗಿದಷ್ಟೂ ಮರ್ಯಾದೆ ಹೆಚ್ಚು. ಟೂರ್ ಡಿ ಫ್ರಾನ್ಸಿನಲ್ಲಿ ಇಪ್ಪತ್ತೈದರ ಹುಡುಗ, ದಿನಕ್ಕೆ ಐದಾರು ಗಂಟೆ ಸವಾರಿ ಮಾಡಿ ಮೈ ಬಳ್ಳಿ ಮಾಡಿಕೊಂಡವನು, ಹೇಗೆ ಬಗ್ಗಿ ಕೂತಿದ್ದಾನೋ ಹಾಗೆ ತಾನೂ ಕೂರಬೇಕು. ಬಗ್ಗಿ ಸಾಕ್ಸ್ ಹಾಕಲು ಉಸಿರು ಕಟ್ಟುವ ಮನುಷ್ಯ ಹ್ಯಾಂಡಲನ್ನು ಎತ್ತರಿಸಲು ಕೆಳಗೆ ಹಾಕಿದ ಬಳೆಗಳನ್ನೆಲ್ಲ ಕಳಚಿಸಿ ರೇಸಿನ ಫ್ರೇಮಿನ ಮೇಲೆ ಕವುಚಿಕೊಳ್ಳುತ್ತಾನೆ. ಹೊಟ್ಟೆ ಬಂದವರಿಗೆ, ಬೆನ್ನು ಬಿಗಿದವರಿಗೆ ಸ್ಟ್ಯಾಕ್ ಹೆಚ್ಚಿರುವ ದೂರದ ಸವಾರಿಯ ಫ್ರೇಮೇ ಸರಿ ಎಂದು ಯಾರಾದರೂ ಹೇಳಿದರೆ ಅವಮಾನ. "ಅದು ಅಂಕಲ್ ಬೈಕ್" ಎನ್ನುತ್ತಾನೆ. ಚಾ ಅಂಗಡಿಯ ಹುಡುಗ ಅವನನ್ನು ಅಂಕಲ್ ಎಂದೇ ಕರೆಯುತ್ತಾನೆ, ಅದು ಬೇರೆ ವಿಷಯ.

ಎರಡು ಸೈಜಿನ ನಡುವೆ ಸಿಕ್ಕಿಕೊಂಡವರಿಗೂ ಒಂದು ಸಿದ್ಧ ಸಲಹೆ ಇದೆ: ಚಿಕ್ಕದನ್ನು ತಗೊಳ್ಳಿ, ಚಿಕ್ಕದನ್ನು ದೊಡ್ಡದು ಮಾಡಬಹುದು. ಅರ್ಧ ನಿಜ. ರೀಚ್ ಹೆಚ್ಚಿಸಬಹುದು, ಹ್ಯಾಂಡಲಿನ ಎತ್ತರ ಹೆಚ್ಚಿಸುವುದಕ್ಕೆ ಮಿತಿ ಇದೆ. ಕಾರ್ಬನ್ ಕೊಳವೆಯ ಮೇಲೆ ಬಳೆಯ ಮೇಲೆ ಬಳೆ ಏರಿಸುತ್ತಾ ಹೋಗಲು ಕಂಪನಿಯೇ ಬಿಡುವುದಿಲ್ಲ. ಮೈ ಬಾಗುವವರು ಚಿಕ್ಕದಕ್ಕೆ ಹೋಗಲಿ, ಬಾಗದವರು ಎತ್ತರದ ಮಾದರಿಯನ್ನೇ ಹುಡುಕಲಿ, ಸಿಗದಿದ್ದರೆ ಕಾಯಲಿ. ಕಾಯುವುದನ್ನು ಕುಂದಾಪುರದವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಶಾಸ್ತ್ರಿ ಸರ್ಕಲಿನ ಫ್ಲೈಓವರಿಗೆ ವರ್ಷಗಟ್ಟಲೆ ಕಾದವರು ಒಂದು ಫ್ರೇಮಿಗೆ ಆರು ವಾರ ಕಾಯಲಾರರೇ?

ಕಾಯುವುದಿಲ್ಲ. ಕೊಂಡ ಮೇಲೆ ಅಳತೆ ತೆಗೆಸಲು ಹೋಗುತ್ತಾರೆ. ಬೆಂಗಳೂರಿನಲ್ಲಿ ಬೈಕ್ ಫಿಟ್ ಎಂಬ ಶುಶ್ರೂಷೆ ಉಂಟು. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿ ಘಾಟಿ ಹತ್ತಿಸಬೇಕು. ಅಲ್ಲಿ ಮೊಣಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಚುಕ್ಕೆ ಅಂಟಿಸಿ, ಕ್ಯಾಮರಾ ಮುಂದೆ ತುಳಿಸಿ, ಕಂಪ್ಯೂಟರಿನಲ್ಲಿ ಗೆರೆ ಎಳೆದು, ಗಂಟೆಗಟ್ಟಲೆ ನೋಡಿ, ಕೊನೆಗೆ ಬಹಳ ಮೆಲ್ಲಗೆ ಹೇಳುತ್ತಾರೆ: "ಸರ್, ಫ್ರೇಮು ಒಂದು ಸೈಜು ದೊಡ್ಡದಾಯಿತು." ಆಮೇಲೆ ಚಿಕಿತ್ಸೆ ಶುರು. 110 ಮಿಲಿಮೀಟರಿನ ಸ್ಟೆಮ್ ತೆಗೆದು 70ರದ್ದು. ಹೊಸ ಹ್ಯಾಂಡಲ್. ಹೊಸ ಸೀಟು, ನಡುವೆ ತೂತು ಇರುವಂಥದ್ದು. ಅದೂ ಆಗದೆ ಇನ್ನೊಂದು ಸೀಟು, ತೂತು ದೊಡ್ಡದು. ಜೆಲ್ ಇರುವ ಕೈಗವಸು. ಸ್ಟೆಮ್ ಗಿಡ್ಡವಾದ್ದರಿಂದ ಹ್ಯಾಂಡಲ್ ಸಣ್ಣ ಅಲುಗಾಟಕ್ಕೂ ಹೊರಳುತ್ತದೆ, ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಪಕ್ಕದಲ್ಲಿ ಗಾಳಿ ಬೀಸಿಕೊಂಡು ಹೋದಾಗ ದೇವರು ನೆನಪಾಗುತ್ತಾರೆ. ಇಷ್ಟಕ್ಕೆ ಸುರಿದ ದುಡ್ಡಿನಲ್ಲಿ ಇನ್ನೊಂದು ಸೈಕಲ್ಲೇ ಬರುತ್ತಿತ್ತು, ಸರಿಯಾದ ಸೈಜಿನದ್ದು. ಈ ಲೆಕ್ಕವನ್ನು ಮನೆಯವರು ಮಾಡುತ್ತಾರೆ, ಸವಾರರು ಮಾಡುವುದಿಲ್ಲ.

ಮಳೆಗಾಲ ಬಂದರೆ ಎಲ್ಲರಿಗೂ ಗೌರವದ ಬಿಡುಗಡೆ. ಜೂನಿನಲ್ಲಿ ಒಳಗೆ ಸೇರಿದ ಸೈಕಲ್ ಅಕ್ಟೋಬರಿನಲ್ಲಿ ಹೊರಗೆ ಬರುವುದಿಲ್ಲ. ಅದರ ಹ್ಯಾಂಡಲಿನ ಮೇಲೆ ಟವೆಲು ಒಣಗುತ್ತಿರುತ್ತದೆ. ದೀಪಾವಳಿಯ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸಮೇತ ಪ್ರಕಟಣೆ: ರೋಡ್ ಬೈಕ್ ಮಾರಾಟಕ್ಕಿದೆ, ಬಹಳ ಕಡಿಮೆ ಓಡಿದೆ, ಹೊಸದರ ಹಾಗೆ ಇದೆ, ಮೀಡಿಯಂ ಸೈಜು, ಐದು ಎರಡರಿಂದ ಐದು ಹನ್ನೊಂದರವರೆಗೆ ಯಾರಿಗೂ ಆಗುತ್ತದೆ. ಹತ್ತು ನಿಮಿಷದೊಳಗೆ ಹೆಮ್ಮಾಡಿಯ ಕಡೆಯಿಂದ ಒಬ್ಬರ ಫೋನು ಬರುತ್ತದೆ. ಅವರು ಕೇಳುವುದು ಎರಡೇ ಪ್ರಶ್ನೆ. ಕೊನೆ ರೇಟ್ ಎಷ್ಟು? ಕಪ್ಪು ಬಣ್ಣದ್ದು ಇಲ್ಯಾ?