ಬಲಿಷ್ಠರ ಸೋಲು: ಒಂದು ಶಾಸ್ತ್ರೀಯ ವಿವೇಚನೆ

ಚೆಸ್‌ನಲ್ಲಿ ಬಲಿಷ್ಠ ಆಟಗಾರನು ಸೋಲುವುದಿಲ್ಲ. ಅವನ ಸುತ್ತಲಿನ ಪರಿಸ್ಥಿತಿ ಸೋಲುತ್ತದೆ. ಇದನ್ನರಿಯದ ಜನಸಾಮಾನ್ಯರು, ಕಡಿಮೆ ರೇಟಿಂಗಿನವನು ಗೆದ್ದೊಡನೆ ಆತ ಚೆನ್ನಾಗಿ ಆಡಿದನೆಂಬ ಅವಸರದ ತೀರ್ಮಾನಕ್ಕೆ ಬರುತ್ತಾರೆ.

ಈ ಶಾಸ್ತ್ರಕ್ಕೆ ಆಧಾರವಾದ ಪ್ರಕರಣ 2023ರ ಅಕ್ಟೋಬರಿನಲ್ಲಿ, ಕತಾರ್ ಮಾಸ್ಟರ್ಸ್ ಟೂರ್ನಿಯ ಎರಡನೆಯ ಸುತ್ತಿನಲ್ಲಿ ಸಂಭವಿಸಿತು. 2839 ರೇಟಿಂಗಿನ ಮ್ಯಾಗ್ನಸ್ ಕಾರ್ಲ್‌ಸನ್, 2512 ರೇಟಿಂಗಿನ ಕಜಕಸ್ತಾನದ ಅಲಿಶೇರ್ ಸುಲೇಮೆನೋವ್ ಎದುರು ಶರಣಾದರು. ಭೌತವಿಜ್ಞಾನದ ಪ್ರಾಧ್ಯಾಪಕ ಅರ್ಪಾದ್ ಎಲೋ ರೂಪಿಸಿದ, 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಅಂಗೀಕರಿಸಿದ ರೇಟಿಂಗ್ ಲೆಕ್ಕದಂತೆ 327 ಪಾಯಿಂಟುಗಳ ಅಂತರವಿದ್ದಾಗ ಕೆಳಗಿನವನಿಗೆ ನೂರು ಆಟಗಳಲ್ಲಿ ಸಲ್ಲಬೇಕಾದದ್ದು ಸುಮಾರು 13 ಅಂಕ. ಅದೂ ಡ್ರಾಗಳ ಅರ್ಧರ್ಧ ಅಂಕ ಸೇರಿಸಿ. ಎದುರಾಳಿಯ ಮಣಿಕಟ್ಟಿನಲ್ಲಿ ಗಡಿಯಾರ ಕಂಡೊಡನೆ ತಮ್ಮ ಏಕಾಗ್ರತೆ ಹೋಯಿತೆಂದು ಕಾರ್ಲ್‌ಸನ್ ಅನಂತರ ತಿಳಿಸಿದರು. ಎದುರಾಳಿ ಮೋಸ ಮಾಡಿದನೆಂದು ಹೇಳುತ್ತಿಲ್ಲ, ಅದ್ಭುತವಾಗಿಯೇ ಆಡಿದನೆಂದೂ ಸೇರಿಸಿದರು. ಈ ಕೊನೆಯ ಮಾತು ಶಾಸ್ತ್ರಕ್ಕೆ ಅನುಪಯುಕ್ತವಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಇಂಥ ಶೋಧದ ಫಲ ಸಿಂದಗಿ ತಾಲೂಕಿನ ಯಂಕಂಚಿಗೂ ತಲುಪಬೇಕು. ಅಲ್ಲಿಂದ ಟೂರ್ನಿಗೆ ಹೊರಡುವ ರೇಟಿಂಗ್‌ರಹಿತ ಬಾಲಕನಿಗೆ ಆನೆ, ಕುದುರೆ, ಮಂತ್ರಿಗಳ ಚಲನೆ ಕಲಿಸುತ್ತ ಕಾಲ ಕಳೆಯುವುದು ಸಲ್ಲದು. ಸಿಂದಗಿ ಬಜಾರದಲ್ಲಿ ಒಂದು ಕೈಗಡಿಯಾರ ಕೊಡಿಸಿದರೆ ಸಾಕು. ಅದು ನಡೆಯಬೇಕೆಂದಿಲ್ಲ, ಕಾಣಬೇಕು. ಅಂಗಿಯ ತೋಳನ್ನು ಎರಡು ಮಡಿಕೆ ಮೇಲೇರಿಸಿ, ಎದುರಾಳಿ ಯೋಚನೆಗೆ ಬಿದ್ದಾಗ ಕೀಲಿಯನ್ನು ನಿಧಾನವಾಗಿ ತಿರುಗಿಸಬೇಕು. ಸ್ಮಾರ್ಟ್‌ವಾಚ್ ಸಲ್ಲದು, ಅದರಿಂದ ಬಾಲಕನೇ ಆಟ ಕಳೆದುಕೊಳ್ಳುವನು.

ಬಲಿಷ್ಠನೂ ಸಿದ್ಧತೆ ಇಲ್ಲದೆ ಬರಬಾರದು. ಫ್ಯಾನಿನ ಕಿರಗುಟ್ಟುವಿಕೆ, ಟ್ಯೂಬ್‌ಲೈಟಿನ ಮಿಣುಕು, ರಾತ್ರಿ ತಿಂದ ಮಿರ್ಚಿಭಜಿ, ಬಸ್ಸಿನ ಕೊನೆಯ ಸೀಟು ಮೊದಲಾದವನ್ನು ಮೊದಲ ನಡೆಗೂ ಮುನ್ನವೇ ಸ್ಕೋರ್‌ಶೀಟಿನ ಹಿಂಬದಿಯಲ್ಲಿ ನಮೂದಿಸತಕ್ಕದ್ದು. ಸೋತ ಮೇಲೆ ಬರೆದ ಕಾರಣಕ್ಕೆ ಪ್ರಮಾಣಬಲ ಕಡಿಮೆ. ನೆಲದ ಡೊಂಕನ್ನು ಮೋಜಣಿದಾರರಿಂದ ಅಳತೆ ಮಾಡಿಸಿ, ಊರಿನ ಇಬ್ಬರು ಪಂಚರ ಸಹಿಯೊಡನೆ ಪಂಚನಾಮೆ ಪಡೆದುಕೊಂಡರೆ ಉತ್ತಮ. ನರ್ತಕಿಯರ ವಿಷಯದಲ್ಲಿ ಈ ಅಳತೆ ಬಹುಕಾಲದಿಂದ ಮಾನ್ಯವಾಗಿದೆ.

ಗೆದ್ದವನು ಕಾರಣ ಸಲ್ಲಿಸಬೇಕಾಗಿಲ್ಲ. ಅವನ ಪರವಾಗಿ ಸೋತವನೇ ಸಲ್ಲಿಸುತ್ತಾನೆ. ಇಬ್ಬರೂ ಕೈಗಡಿಯಾರ ಕಟ್ಟಿ ಬಂದಲ್ಲಿ ಆಟವನ್ನು ಡ್ರಾ ಎಂದು ಪರಿಗಣಿಸಬೇಕು. ಯಾರೂ ಕಟ್ಟಿರದಿದ್ದಲ್ಲಿ ಮಾತ್ರ ಕಾಯಿಗಳನ್ನು ನಡೆಸಬೇಕಾಗುತ್ತದೆ.