ನಾಲ್ಕು ಚಕ್ರದ ಮಾಷ್ಟ್ರು

ಮಗನೋ ಮಗಳೋ ಅಮೆರಿಕಾದಲ್ಲಿ ನೆಲೆಸಿದ ಪುಣ್ಯದಿಂದ ಆರು ತಿಂಗಳ ಮಟ್ಟಿಗೆ ಆ ದೇಶವನ್ನು ಕಂಡುಬಂದು, ಉಳಿದ ಆಯುಷ್ಯವನ್ನೆಲ್ಲ ಆ ಆರು ತಿಂಗಳ ವ್ಯಾಖ್ಯಾನಕ್ಕೆ ಮೀಸಲಿಟ್ಟ ಹಿರಿಯರೊಬ್ಬರು ನಮ್ಮ ಕರಾವಳಿಯ ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದೇ ಇರುತ್ತಾರೆ. ಕೆಲವರಿಗೆ ಅಲ್ಲಿಯ ರಸ್ತೆಗಳ ಶುಚಿತ್ವವೂ, ಕೆಲವರಿಗೆ ನಯಾಗರದ ಗಾಂಭೀರ್ಯವೂ, ಇನ್ನು ಕೆಲವರಿಗೆ ತೊಂಡೆಕಾಯಿಯ ಬೆಲೆಯೂ ಉಪನ್ಯಾಸದ ವಿಷಯವಾದರೆ, ಹಟ್ಟಿಯಂಗಡಿಯ ನಮ್ಮ ನಿವೃತ್ತ ಮಾಷ್ಟ್ರಿಗೆ ಒಲಿದ ಶಾಸ್ತ್ರವು ಹಿಮದ ಮೇಲೆ ಕಾರು ಓಡಿಸುವುದು. ಮಾಘಮಾಸದ ಬೆಳಗಿನಲ್ಲೂ ಶಾಲು ಹೊದ್ದರೆ ಬೆವರುವ ಈ ವಾರಾಹಿಯ ತೀರದಲ್ಲಿ, ಗಂಗೊಳ್ಳಿ ಬಂದರಿನ ಬಂಗುಡೆ ಪೆಟ್ಟಿಗೆಗಳಿಗೆ ಸುರಿಯುವ ಐಸನ್ನು ಬಿಟ್ಟು ಬೇರೆ ಹಿಮವನ್ನು ಕಾಣದ ಜನರ ನಡುವೆ, ಇಂಥ ಶಾಸ್ತ್ರಕ್ಕೆ ಪ್ರತಿವಾದಿಗಳಾದರೂ ಎಲ್ಲಿಂದ ಬರಬೇಕು? ಮಾಷ್ಟ್ರಿಗೆ ಸ್ವತಃ ಕಾರು ಓಡಿಸಲು ಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಆದರೆ ವೇದಾಂತದ ಪ್ರವಚನಕಾರರನ್ನು ಮೋಕ್ಷ ದೊರೆತಿದೆಯೇ ಎಂದು ನಾವು ಕೇಳುವುದುಂಟೇ?

ಸೊಸೆಯ ಬಾಣಂತನಕ್ಕೆಂದು ತಾಯಿಯನ್ನು ಕರೆಸಿಕೊಂಡ ಮಗನು ತಂದೆಯನ್ನು ಒಂಟಿಯಾಗಿ ಬಿಡಲಾರದೆ ಅವರಿಗೂ ಟಿಕೆಟ್ಟು ಕಳುಹಿಸಿದುದರಿಂದ, ನವೆಂಬರಿನಿಂದ ಏಪ್ರಿಲಿನವರೆಗೆ, ಅಂದರೆ ವಿವೇಕಿಗಳಾರೂ ಮಿಶಿಗನ್ನಿಗೆ ಕಾಲಿಡದ ಋತುವಿನಲ್ಲಿ, ಡೆಟ್ರಾಯ್ಟಿನ ಹೊರವಲಯದಲ್ಲಿ ಅವರ ವಾಸವಾಯಿತು. ಮನೆಯೊಳಗೆ ಹೆಂಗಸರಿಗೆ ಎಣ್ಣೆ ಕಾಯಿಸಿ ಮಗುವಿಗೆ ನೀರೆರೆಯುವ ಕಾರ್ಯಭಾರವಿತ್ತು. ಮಾಷ್ಟ್ರ ಪಾಲಿಗೆ ಬಂದದ್ದು ಮಾತ್ರ ಪ್ರಾತಃಕಾಲದಲ್ಲಿ ಮಗನ ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಪ್ಲಾಸ್ಟಿಕ್ಕಿನ ಒಂದು ಹೆರೆಯುವ ಉಪಕರಣದಿಂದ ಕೆರೆದು ತೆಗೆಯುವ ಕೈಂಕರ್ಯ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಪಂಪ ಕನ್ನಡ ಕೂಟದವರು ಕಲೆತಲ್ಲಿ, ಒಳಗಿನ ಸಭೆಯಲ್ಲಿ ಸಾಹಿತ್ಯವಿಚಾರ ನಡೆಯುತ್ತಿದ್ದಾಗ, ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ನಮ್ಮವರೇ ಆದ ತರುಣರು ಎರಡು ಮತಗಳಾಗಿ ಒಡೆದು ನಿಂತದ್ದನ್ನು ಅವರು ಕಂಡರಂತೆ. ನಾಲ್ಕು ಚಕ್ರಗಳಿಗೂ ಸದಾಕಾಲ ಎಂಜಿನ್ನಿನ ಶಕ್ತಿ ಹರಿಯುತ್ತಲೇ ಇರಬೇಕೆಂಬುದು ಸುಬರು ಮತ. ಅಗತ್ಯ ಬಿದ್ದಾಗ ಹಿಂದಿನವಕ್ಕೆ ಕೊಟ್ಟರೆ ಸಾಲದೇ ಎಂಬುದು ಟೊಯೋಟಾದ ಆರ್‌ಎವಿ4 ಮತ. ಉಡುಪಿಯ ಸೀಮೆಯಲ್ಲಿ ಹುಟ್ಟಿ ಮತಭೇದಗಳ ನಡುವೆಯೇ ಬೆಳೆದ ಮಾಷ್ಟ್ರು ಆ ಕ್ಷಣವೇ ಮೊದಲನೆಯ ಪಕ್ಷಕ್ಕೆ ಸೇರಿದರು. ಆ ಕಾರಿನ ಲಾಂಛನದಲ್ಲಿ ಷಣ್ಮುಖನನ್ನು ಸಾಕಿದ ಆರು ಕೃತ್ತಿಕೆಯರು ನಕ್ಷತ್ರರೂಪದಲ್ಲಿ ಕುಳಿತಿರುವುದು ಅವರಿಗೆ ಶ್ರುತಿಪ್ರಮಾಣವೇ ಆಯಿತು. ಆ ಕಾರು ಭಾರತದಲ್ಲಿ ಮಾರಾಟಕ್ಕಿಲ್ಲವೆಂಬ ಸಂಗತಿ ಅವರ ವಾದಕ್ಕೆ ಅಭೇದ್ಯವಾದ ಕವಚ; ಕೊಂಡು ನೋಡಿ ಖಂಡಿಸುವವರು ಯಾರಿದ್ದಾರೆ?

ಅವರು ಹೇಳುವುದರಲ್ಲಿ ಸುಳ್ಳಿಲ್ಲವೆಂಬುದೇ ಕಷ್ಟ. 1972ರಲ್ಲಿಯೇ ಸುಬರು ಸಂಸ್ಥೆ ನಾಲ್ಕು ಚಕ್ರಕ್ಕೂ ಚಾಲನೆಯುಳ್ಳ ಲಿಯೋನ್ ಕಾರನ್ನು ಹೊರತಂದದ್ದೂ, 1980ರ ಜಿನೀವಾ ಪ್ರದರ್ಶನದಲ್ಲಿ ಆಡಿ ಕ್ವಾಟ್ರೋ ಕಾಣಿಸಿಕೊಂಡದ್ದೂ ಅವರ ನಾಲಿಗೆಯ ತುದಿಯಲ್ಲಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾದ್ದರಿಂದ, ಹಳೆಯ ಬಗೆಯ ಜೀಪಿನಲ್ಲಿ ಎರಡು ಅಚ್ಚುಗಳನ್ನೂ ಬಿಗಿಯಾಗಿ ಜೋಡಿಸಿಕೊಂಡು ಒಣಗಿದ ಡಾಂಬರಿನ ಮೇಲೆ ಹೋದರೆ ಒಳಗಿನ ಯಂತ್ರ ಗಂಟುಹಾಕಿಕೊಂಡು ನರಳುವುದೆಂದೂ, ನಡುವೆ ಡಿಫರೆನ್ಷಿಯಲ್ಲೋ ಕ್ಲಚ್ಚೋ ಇರುವ ಕಾರಿಗೆ ಆ ಬಾಧೆಯಿಲ್ಲವೆಂದೂ ಅವರು ವಿವರಿಸುವಾಗ, ಐದನೆಯ ತರಗತಿಗೆ ಭಿನ್ನರಾಶಿ ಕಲಿಸಿದ ಕಂಠವೇ ಮರಳಿ ಕೇಳಿದಂತಾಗುತ್ತದೆ.

ಈ ಪಾಂಡಿತ್ಯದ ಪ್ರಯೋಗಶಾಲೆ ಸಿದ್ಧಿವಿನಾಯಕ ದೇವಸ್ಥಾನದ ಎದುರಿನ ಬಯಲು. ಬೆಂಗಳೂರಿನಲ್ಲಿ ಹೋಟೆಲು ನಡೆಸುವ ನಮ್ಮೂರ ಕಡೆಯವರು ಹೊಸ ವಾಹನವನ್ನು ಪೂಜೆಗೆ ತಂದು ನಿಲ್ಲಿಸಿದೊಡನೆ, ಮಾಷ್ಟ್ರು ಮುಂಡು ಎತ್ತಿಕಟ್ಟಿ, ಮೊಣಕಾಲೂರಿ, ಹಿಂದಿನ ಅಚ್ಚಿಗೆ ಎಂಜಿನ್ನಿನಿಂದ ಶಾಫ್ಟು ಬಂದಿದೆಯೇ ಎಂದು ಅಡಿಯಲ್ಲಿ ಇಣುಕುವರು. ಹೋದ ಸಲ ಬಿಳಿಯ ಭಾರೀ ಎಸ್‌ಯುವಿಯೊಂದರ ಒಡೆಯರು ನಾಲ್ಕು ಚಕ್ರಗಳಡಿಗೂ ನಿಂಬೆಹಣ್ಣು ಇಡಿಸುತ್ತಿದ್ದಾಗ, ಮಾಷ್ಟ್ರು ಕಾರಿನಡಿಯಿಂದ ಮುಖವೆತ್ತಿ, "ನಾಲ್ಕು ನಿಂಬೆಹಣ್ಣು ಎಂತಕ್ಕೆ ಮಾರಾಯ್ರೆ? ಇದಕ್ಕೆ ಶಕ್ತಿ ಹೋಗುವುದು ಮುಂದಿನ ಎರಡಕ್ಕೆ ಮಾತ್ರ, ಹಿಂದಿನ ಎರಡು ಹಣ್ಣು ದಂಡ" ಎಂದುಬಿಟ್ಟರು. ನಮ್ಮಲ್ಲಿ ಎಸ್‌ಯುವಿಯೆಂಬ ಹೆಸರಿನಲ್ಲಿ ಮಾರಾಟವಾಗುವ ವಾಹನಗಳ ಪೈಕಿ ಬಹುಪಾಲು ಮುಂದಿನ ಎರಡು ಚಕ್ರಗಳಿಂದಲೇ ನಡೆಯುವಂಥವೆಂಬುದು ನಿಜವೇ. ಆದರೆ ಇಪ್ಪತ್ತು ಲಕ್ಷ ತೆತ್ತ ಮನುಷ್ಯನಿಗೆ, ಹೆಂಡತಿಯ ಮುಂದೆ, ದೇವರ ಎದುರಿನಲ್ಲಿ, ಆ ಸತ್ಯವನ್ನು ಹೇಳಬಾರದಿತ್ತು. "ಬೆಂಗಳೂರಿನಲ್ಲಿ ಹಿಮ ಬೀಳುದಿಲ್ಲೆ, ಮಾಷ್ಟ್ರೇ" ಎಂದು ಅವರು ಹಲ್ಲು ಕಚ್ಚಿ ಹೇಳಿದಾಗ, "ಬಿದ್ದರೆ?" ಎಂದು ಇವರು ಕೇಳಿದರು.

ಈ ವಿದ್ವತ್ತಿಗೆ ಮೊದಲ ಪೆಟ್ಟು ಬಿದ್ದದ್ದು ಕೊಲ್ಲೂರಿನಲ್ಲಿ. ಭಾದ್ರಪದದ ಮಳೆ ಇನ್ನೂ ಪೂರ್ತಿ ತೆರವಾಗದ ದಿನಗಳಲ್ಲಿ ಕೊಡಚಾದ್ರಿಗೆ ಹೊರಟ ನೆಂಟರ ತಂಡದೊಂದಿಗೆ ಮಾಷ್ಟ್ರೂ ಜೀಪಿನಲ್ಲಿ ಚಾಲಕನ ಪಕ್ಕದ ಸ್ಥಾನವನ್ನು ಅಲಂಕರಿಸಿ, ದಾರಿಯುದ್ದಕ್ಕೂ ಮಿಶಿಗನ್ನಿನ ಮಹಿಮೆಯನ್ನು ಹೇಳಿದರು. ಜೀಪಿನ ಹುಡುಗ ಎಲ್ಲವನ್ನೂ ಕೇಳಿ, ಎಲೆಯಡಿಕೆಯ ರಸವನ್ನು ಹೊರಗೆ ಉಗಿದು, "ಹ್ವಾಯ್ ಮಾಷ್ಟ್ರೇ, ಹೋಪುದೇನೋ ನಾಲ್ಕ್ ಚಕ್ರದಗೆ ಆಯ್ತ್, ನಿಲ್ಲುದ್ ಎಷ್ಟ್ರಗೆ?" ಎಂದನು. ಹೊರಡುವಾಗಲೂ ಏರುವಾಗಲೂ ನಾಲ್ಕು ಚಕ್ರದ ಚಾಲನೆ ಕೈಹಿಡಿಯುವುದೇ ಹೊರತು, ಬ್ರೇಕು ಹಾಕಿದ ಮೇಲೆ ಸಾಮಾನ್ಯ ಕಾರಿಗೂ ಅದಕ್ಕೂ ಭೇದವಿಲ್ಲವೆಂದೂ, ಆಗ ಕಾಪಾಡಬೇಕಾದುದು ಟಯರೊಂದೇ ಎಂದೂ, ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟಯರಿನ ರಬ್ಬರು ಗಡುಸಾಗುವುದರಿಂದಲೇ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಚಳಿಗಾಲದ ಮೆದು ಟಯರನ್ನು ಕಾಯಿದೆಯಿಂದಲೇ ಕಡ್ಡಾಯ ಮಾಡಿದ್ದಾರೆಂದೂ ಮಾಷ್ಟ್ರು ಅರಿಯದವರೇನಲ್ಲ. ಮತದ ಅಭಿಮಾನದಲ್ಲಿ ಆ ಅಧ್ಯಾಯವನ್ನು ಪ್ರವಚನದಿಂದ ಕೈಬಿಟ್ಟಿದ್ದರಷ್ಟೆ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆಮ್ಮಣ್ಣಿನ ಕೆಸರಿನಲ್ಲಿ ಜೀಪು ಅಡ್ಡಡ್ಡ ಜಾರತೊಡಗಿತು. "ಬ್ರೇಕ್ ಒತ್ತಬೇಡ! ಜಾರುವ ಕಡೆಗೇ ತಿರುಗಿಸು!" ಎಂದು ಅವರು ಡೆಟ್ರಾಯ್ಟಿನ ಮಂತ್ರವನ್ನು ಉಚ್ಚರಿಸುತ್ತಿದ್ದಂತೆ, ಆ ಹುಡುಗ ಅದನ್ನು ಆಗಲೇ ಮಾಡಿ ಮುಗಿಸಿ, ಗೇರನ್ನು ಒಂದನೆಯದಕ್ಕೆ ಇಳಿಸಿ, "ಕಣ್ಣ್ ಮುಚ್ಕಣಿ ಮಾಷ್ಟ್ರೇ" ಎಂದು ಮೇಲಕ್ಕೆ ಹತ್ತಿಸಿದನು.

ಅಂದಿನಿಂದ ಶಾಸ್ತ್ರದ ದಿಕ್ಕು ಬದಲಾಗಿದೆ. ಮಿಶಿಗನ್ನಿನಿಂದ ಜ್ಞಾಪಕಾರ್ಥವಾಗಿ ತಂದಿದ್ದ ಮಂಜು ಹೆರೆಯುವ ಉಪಕರಣವನ್ನು ಅವರ ಮಡದಿ ಆಟಿಯಲ್ಲಿ ಮೆಟ್ಟಿಲ ಮೇಲಿನ ಪಾಚಿ ಕೆರೆಯಲು ತೆಗೆದುಕೊಂಡರೂ ಅವರೀಗ ತಕರಾರು ಮಾಡುವುದಿಲ್ಲ. ಭಾನುವಾರದ ವಿಡಿಯೋ ಕರೆಯಲ್ಲಿ, ಅಲ್ಲಿ ಹಿಮ ಬೀಳುತ್ತಿದೆಯೆಂದು ಕೇಳಿದೊಡನೆ, ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟದೆ ಒಂದನೆಯ ಗೇರಿನಲ್ಲಿಯೇ ಎಂಜಿನ್ನಿನ ಬಿಗಿತದಿಂದ ಇಳಿಯಬೇಕೆಂಬ ಕೊಡಚಾದ್ರಿಯ ಸಿದ್ಧಾಂತವನ್ನು ಮಗನಿಗೆ ಸವಿಸ್ತಾರವಾಗಿ ಬೋಧಿಸುತ್ತಾರೆ.

"ಈ ಕಾರಿಗೆ ಗೇರ್ ಹಾಕೂದೇ ಇಲ್ಲೆ, ಅಪ್ಪಯ್ಯ; ಅದೇ ಹಾಕ್ಕಂತ್" ಎಂದು ಮಗ ಹೇಳಿದನಂತೆ.

"ಹಾಂಗಾರೆ ಅದನ್ನ ಕೊಟ್ಟ್ ಒಂದ್ ಜೀಪ್ ತಕೋ" ಎಂದರಂತೆ ಮಾಷ್ಟ್ರು.